ಬೇಸಿನ್ನಿನ ಸುಳಿಯೇ ಬೇರೆ, ಸಮುದ್ರದ ಸುತ್ತೇ ಬೇರೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ಸಾಗರ ಪ್ರವಾಹಗಳ ಬಗ್ಗೆ ಒಂದು ಪುಟ್ಟ ಬರಹ ಬಂದಿತ್ತು. ಕೈ ತೊಳೆಯುವ ಬೇಸಿನ್ನಿನಲ್ಲಿ ನೀರು ಸುತ್ತಿಕೊಂಡು ಇಳಿಯುತ್ತದಲ್ಲ, ಸಮುದ್ರವೂ ಹಾಗೆಯೇ, ಭೂಮಿಯ ಉತ್ತರದಲ್ಲಿ ಒಂದು ಕಡೆಗೆ, ದಕ್ಷಿಣದಲ್ಲಿ ಇನ್ನೊಂದು ಕಡೆಗೆ ಸುತ್ತುತ್ತದೆ ಎಂದು ಅದರಲ್ಲಿತ್ತು. ಮಳೆ ಜಾಸ್ತಿ ಅಂತ ಶಾಲೆಗೆ ರಜೆ ಕೊಟ್ಟಿದ್ದರಿಂದ ನನ್ನ ಮೊಮ್ಮಗಳು ಮನೆಯಲ್ಲೇ ಇದ್ದಳು. ಅದನ್ನು ಓದಿ ಬೇಸಿನ್ ತುಂಬಿಸುವುದು, ಖಾಲಿ ಮಾಡುವುದು, ಇದೇ ಕೆಲಸ. 11 ಸಲ ಮಾಡಿದಳು. 6 ಸಲ ಎಡಕ್ಕೆ ಸುತ್ತಿತು, 5 ಸಲ ಬಲಕ್ಕೆ. ಕೊನೆಗೆ ಬಂದು, "ಅಜ್ಜಿ, ನಾವು ಯಾವ ಗೋಳದಲ್ಲಿದ್ದೀವಿ?" ಎಂದು ಕೇಳಿದಳು.

ನಾನು ವಿಜ್ಞಾನಿಯಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಸ್ವಲ್ಪ ಕಾಫಿ ತೋಟ ನೋಡಿಕೊಂಡಿರುವವಳು. ಮಾವನವರು ಶುರು ಮಾಡಿದ ಮಳೆ ಪುಸ್ತಕವನ್ನು ಈಗ ನಾನು ಬರೆಯುತ್ತೇನೆ. ದಿನಾ ಬೆಳಗ್ಗೆ 8 ಗಂಟೆಗೆ ಅಳತೆ ಗ್ಲಾಸು ನೋಡಿ ಇಂಚು, ಸೆಂಟ್ಸ್ (ಇಂಚಿನ ನೂರನೇ ಪಾಲು) ಗುರುತು ಹಾಕುವುದು. ಈ ಮಳೆ ಎಲ್ಲಿಂದ ಬರುತ್ತದೆ ಎಂದು ಹುಡುಕಿಕೊಂಡು ಹೋದವಳು ಸಮುದ್ರಕ್ಕೆ ಹೋಗಿ ಮುಟ್ಟಿದೆ. ಹಾಗಾಗಿ ಆ ಬೇಸಿನ್ನಿನ ಮಾತು ಸುಮ್ನೆ ಬಿಡಲು ಮನಸ್ಸಾಗಲಿಲ್ಲ.

ಭೂಮಿ ಒಂದು ಸುತ್ತು ಬರಲು ಒಂದು ದಿನ ಬೇಕು. ನಮ್ಮ ಬೇಸಿನ್ ಅರ್ಧ ನಿಮಿಷದಲ್ಲಿ ಖಾಲಿ. ಅಷ್ಟರಲ್ಲಿ ಭೂಮಿಯ ತಿರುಗಾಟ ಆ ನೀರನ್ನು ಏನು ಮಾಡೀತು? ನಲ್ಲಿ ಯಾವ ಕಡೆಗಿದೆ, ಕೈ ಹೇಗೆ ಅಲ್ಲಾಡಿತು, ಅದೇ ಅಲ್ಲಿ ಸುಳಿಯನ್ನು ತೀರ್ಮಾನಿಸುತ್ತದೆ. 1962ರಲ್ಲಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯ ಆಷರ್ ಶಪಿರೋ ಎಂಬವರು ಭೂಮಿಯ ಪ್ರಭಾವ ಕಂಡೇ ತೀರಬೇಕೆಂದು 6 ಅಡಿ ಅಗಲದ ತೊಟ್ಟಿ ಮಾಡಿಸಿದರು. ನೀರು ತುಂಬಿಸಿ 24 ಗಂಟೆ ಅಲುಗಾಡದಂತೆ ಬಿಟ್ಟು, ಆಮೇಲೆ ನಡುವಿನ ಸಣ್ಣ ತೂತಿನ ಬಿರಡೆ ತೆಗೆದರು. ಆಗ ಅದು ಕಂಡಿತು. ನಾವಿರುವ 13 ಡಿಗ್ರಿ ಅಕ್ಷಾಂಶದಲ್ಲಿ ಆ ಪ್ರಭಾವ ಅವರ ಊರಿನ ಮೂರನೇ ಒಂದು ಪಾಲು ಮಾತ್ರ. ಬಚ್ಚಲುಮನೆಯಲ್ಲಿ ಅದನ್ನು ಹುಡುಕುವುದು ವ್ಯರ್ಥ.

ಸಮುದ್ರದ ನೀರಿಗೆ ತಿಂಗಳುಗಟ್ಟಲೆ ಸಮಯವಿದೆ, ಸಾವಿರಾರು ಕಿಲೋಮೀಟರ್ ದಾರಿಯಿದೆ. ಅಲ್ಲಿ ಈ ಸಣ್ಣ ತಿರುವು ದೊಡ್ಡದಾಗುತ್ತದೆ. ಸಮಭಾಜಕ ವೃತ್ತದ ಮೇಲಿನ ನೆಲ ಗಂಟೆಗೆ ಸುಮಾರು 1,670 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡುತ್ತಿರುತ್ತದೆ. 60 ಡಿಗ್ರಿ ಉತ್ತರದಲ್ಲಿ ಆ ವೇಗ ಅರ್ಧಕ್ಕಿಳಿಯುತ್ತದೆ. ಸಮಭಾಜಕದ ಕಡೆಯಿಂದ ಉತ್ತರಕ್ಕೆ ಹೊರಟ ನೀರು ತನ್ನ ಹಳೇ ವೇಗವನ್ನೇ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ನೆಲಕ್ಕಿಂತ ಮುಂದೆ ಹೋಗಿ ಪೂರ್ವಕ್ಕೆ ವಾಲುತ್ತದೆ. ಉತ್ತರದಿಂದ ಇಳಿಯುವ ನೀರು ಹಿಂದೆ ಬಿದ್ದು ಪಶ್ಚಿಮಕ್ಕೆ ವಾಲುತ್ತದೆ. ಎರಡೂ ಅದರದರ ಬಲಗೈ ಕಡೆಗೇ ಅಲ್ವಾ? ದಕ್ಷಿಣ ಗೋಳದಲ್ಲಿ ಎಡಗೈ ಕಡೆಗೆ. ಇದರ ಲೆಕ್ಕವನ್ನು 1835ರಲ್ಲಿ ಬರೆದವರು ಫ್ರಾನ್ಸಿನ ಕೊರಿಯೊಲಿಸ್. ಅವರು ನೋಡುತ್ತಿದ್ದದ್ದು ಯಂತ್ರದ ಚಕ್ರಗಳನ್ನು, ಸಮುದ್ರವನ್ನಲ್ಲ.

ಮೊಮ್ಮಗಳಿಗೆ ನಾನು ಚಪಾತಿ ಮಣೆಯಲ್ಲಿ ತೋರಿಸಿದೆ. ಮಣೆಯ ಮೇಲೆ ದುಂಡಗೆ ಕತ್ತರಿಸಿದ ಕಾಗದ ಇಟ್ಟು, ಅವಳು ಅದನ್ನು ನಿಧಾನಕ್ಕೆ ಅಪ್ರದಕ್ಷಿಣೆಯಾಗಿ ತಿರುಗಿಸುತ್ತಾ ಹೋದಳು. ನಾನು ಸ್ಕೇಲ್ ಹಿಡಿದು ನಡುವಿನಿಂದ ಅಂಚಿಗೆ ನೇರ ಗೆರೆ ಎಳೆದೆ. ಕಾಗದದ ಮೇಲೆ ಮೂಡಿದ ಗೆರೆ ಬಲಕ್ಕೆ ಬಾಗಿತ್ತು. ಬೇಸಿನ್ನಿಗಿಂತ ಇದು ವಾಸಿ, ನೀರೂ ಉಳಿಯಿತು.

ಆದರೆ ಬಾಗುವುದು ಬೇರೆ, ಹೊರಡುವುದು ಬೇರೆ. ಮೇಲಿನ ನೀರನ್ನು ಹೊರಡಿಸುವುದು ಗಾಳಿ. ನಿಮ್ಮ ಬರಹದಲ್ಲಿ ಗಾಳಿಯ ಹೆಸರೇ ಇರಲಿಲ್ಲ. 1893ರಲ್ಲಿ ನಾರ್ವೆಯ ಅನ್ವೇಷಕ ನಾನ್ಸೆನ್ ತಮ್ಮ ಹಡಗನ್ನು ಉತ್ತರ ಧ್ರುವದ ಕಡೆಯ ಹಿಮದಲ್ಲಿ ಬೇಕೆಂದೇ ಸಿಕ್ಕಿಸಿಕೊಂಡು ತೇಲುತ್ತಾ ಹೋದಾಗ ಒಂದು ವಿಚಿತ್ರ ಕಂಡರು. ಹಿಮ ಗಾಳಿ ಬೀಸಿದ ಕಡೆಗೇ ಹೋಗುತ್ತಿರಲಿಲ್ಲ, 20ರಿಂದ 40 ಡಿಗ್ರಿ ಬಲಕ್ಕೆ ಸರಿದು ಹೋಗುತ್ತಿತ್ತು. ಸ್ವೀಡನ್ನಿನ ವಿಜ್ಞಾನಿ ಎಕ್ಮನ್ ಇದಕ್ಕೆ ಲೆಕ್ಕ ಹಾಕಿದರು. ಗಾಳಿ ಮೇಲಿನ ಪದರವನ್ನು ತಳ್ಳುತ್ತದೆ, ಅದು ಬಲಕ್ಕೆ ತಿರುಗುತ್ತದೆ. ಅದು ಕೆಳಗಿನದನ್ನು ಎಳೆಯುತ್ತದೆ, ಅದು ಇನ್ನೂ ಬಲಕ್ಕೆ. ಎಲ್ಲ ಪದರ ಕೂಡಿಸಿದರೆ ನೀರು ಹೋಗುವುದು ಗಾಳಿಗೆ ಅಡ್ಡವಾಗಿ, ಸರಿಯಾಗಿ ಬಲಕ್ಕೆ.

ಈಗ ನಕ್ಷೆಯಲ್ಲಿ ಉತ್ತರ ಅಟ್ಲಾಂಟಿಕ್ ನೋಡಿ. ಕೆಳಗಡೆ ವಾಣಿಜ್ಯ ಮಾರುತ ಪಶ್ಚಿಮಕ್ಕೆ ಬೀಸುತ್ತದೆ, ಮೇಲುಗಡೆ ಪಶ್ಚಿಮ ಮಾರುತ ಪೂರ್ವಕ್ಕೆ. ಎರಡೂ ನೀರನ್ನು ತಮ್ಮ ಬಲಕ್ಕೆ ತಳ್ಳಿ ನಡುವಿಗೆ ಒಟ್ಟುತ್ತವೆ. ಆ ನಡುವಿನ ಸಾರ್ಗಾಸೋ ಸಮುದ್ರದಲ್ಲಿ ನೀರು ಸುತ್ತಲಿಗಿಂತ ಸುಮಾರು ಒಂದು ಮೀಟರ್ ಎತ್ತರ ಇದೆಯಂತೆ ಎಂದು ಓದಿದಾಗ ನನಗೂ ನಂಬಲಾಗಿರಲಿಲ್ಲ. ಆ ಗುಡ್ಡದಿಂದ ನೀರು ಇಳಿಯಲು ಹೊರಡುತ್ತದೆ, ಬಲಕ್ಕೆ ತಿರುಗುತ್ತದೆ, ಇಳಿಯಲಾಗದೆ ಗುಡ್ಡವನ್ನೇ ಬಲಗಡೆ ಇಟ್ಟುಕೊಂಡು ಸುತ್ತುತ್ತದೆ. ನಾವು ದೇವಸ್ಥಾನದಲ್ಲಿ ಹಾಕುವ ಪ್ರದಕ್ಷಿಣೆಯೂ ಹಾಗೇ ತಾನೇ, ದೇವರು ಬಲಕ್ಕೆ. ಉತ್ತರ ಗೋಳದ ಮಹಾಸಾಗರಗಳದ್ದು ಪ್ರದಕ್ಷಿಣೆ, ದಕ್ಷಿಣದವುಗಳದ್ದು ಅಪ್ರದಕ್ಷಿಣೆ. ಇಂಥ ದೊಡ್ಡ ಸುತ್ತುಗಳು ಐದು. ಪ್ರತಿಯೊಂದರ ಪಶ್ಚಿಮದ ಅಂಚಿನಲ್ಲಿ ಪ್ರವಾಹ ಕಿರಿದಾಗಿ ರಭಸದಿಂದ ಓಡುತ್ತದೆ. ಅಮೆರಿಕದ ದಡದ ಗಲ್ಫ್ ಸ್ಟ್ರೀಮ್, ಜಪಾನಿನ ಕುರೋಶಿಯೊ ಅಂಥವು.

2014ರ ಮಾರ್ಚ್ 8ರಂದು ಕಾಣೆಯಾದ ಮಲೇಷ್ಯಾದ ವಿಮಾನ ನೆನಪಿರಬಹುದು. ಅದರ ರೆಕ್ಕೆಯ ತುಂಡು 2015ರ ಜುಲೈ ಕೊನೆಗೆ ಆಫ್ರಿಕಾ ಕಡೆಯ ರಿಯೂನಿಯನ್ ದ್ವೀಪದಲ್ಲಿ ಸಿಕ್ಕಿತು. ಅದನ್ನು ಅಷ್ಟು ದೂರ ಪಶ್ಚಿಮಕ್ಕೆ ಹೊತ್ತು ತಂದದ್ದು ಹಿಂದೂ ಮಹಾಸಾಗರದ ದಕ್ಷಿಣದ ಅಪ್ರದಕ್ಷಿಣೆ.

ನನ್ನ ನಿಜವಾದ ತಕರಾರು ನಿಮ್ಮ ನಕ್ಷೆಯ ಬಗ್ಗೆ. ಅರಬ್ಬೀ ಸಮುದ್ರದಲ್ಲಿ ಒಂದೇ ಒಂದು ಬಾಣ ಬಿಡಿಸಿ, ಅಲ್ಲಿ ವರ್ಷವಿಡೀ ನೀರು ಒಂದೇ ಕಡೆ ಹೋಗುವಂತೆ ತೋರಿಸಿದ್ದೀರಿ. ನಮ್ಮ ಸಮುದ್ರ ಹಾಗಿಲ್ಲ. ಅದರ ತಲೆಯ ಮೇಲೆ ಏಷ್ಯಾದ ನೆಲ ಕೂತಿದೆ, ಗಾಳಿ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ, ಪ್ರವಾಹವೂ ಬದಲಿಸುತ್ತದೆ. ಸೊಮಾಲಿಯಾ ದಡದ ಪ್ರವಾಹ ಮಳೆಗಾಲದಲ್ಲಿ ಉತ್ತರಕ್ಕೆ, ಚಳಿಗಾಲದಲ್ಲಿ ದಕ್ಷಿಣಕ್ಕೆ. ನಮ್ಮ ಮಂಗಳೂರು, ಮಲ್ಪೆ ಕಡೆ ಮಳೆಗಾಲದಲ್ಲಿ ನೀರು ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ. 2025ರ ಮೇ ಕೊನೆಯಲ್ಲಿ ಕೊಚ್ಚಿ ಹತ್ತಿರ ಹಡಗು ಮುಳುಗಿದಾಗ ಅದರೊಳಗಿದ್ದ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರಕ್ಕೂ ಕನ್ಯಾಕುಮಾರಿಗೂ ಹೋಗಿ ದಡ ಸೇರಿದ್ದು ಅದಕ್ಕೇ.

ಮಳೆಗಾಲದಲ್ಲಿ ನಮ್ಮ ದಡದ ಹತ್ತಿರದ ಮೇಲ್ಪದರದ ನೀರು ಬಲಕ್ಕೆ, ಅಂದರೆ ಸಮುದ್ರದ ಒಳಕ್ಕೆ ಸರಿಯುತ್ತದೆ. ಆ ಜಾಗಕ್ಕೆ ಕೆಳಗಿನ ತಣ್ಣೀರು ಏಳುತ್ತದೆ, ಮೀನಿಗೆ ಮೇವು ತರುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿಯದಿದ್ದರೆ ಬಂಗುಡೆ, ಬೂತಾಯಿ ಹೊತ್ತ ಗಾಡಿ ಹಾರ್ನ್ ಹೊಡೆದುಕೊಂಡು ನಮ್ಮ ಗೇಟಿಗೂ ಬರುತ್ತದೆ.

ಗಾಳಿಯದೂ ಅದೇ ಕಥೆ. ದಕ್ಷಿಣ ಗೋಳದಲ್ಲಿ ಆಗ್ನೇಯದಿಂದ ಹೊರಟ ಗಾಳಿ ಸಮಭಾಜಕ ದಾಟಿದ ಮೇಲೆ ಬಲಕ್ಕೆ ತಿರುಗಿ ನೈರುತ್ಯ ಮಾರುತವಾಗುತ್ತದೆ. ಅದಕ್ಕೇ ನಮ್ಮ ಮನೆಗಳ ಪಡುವಣ ಗೋಡೆಗೆ ಎರಚಲು ಹೊಡೆಯುವುದು. ಮೊದಲು ಸೋಗೆ ತಟ್ಟಿ ಕಟ್ಟುತ್ತಿದ್ದೆವು, ಈಗ ನೀಲಿ ಟಾರ್ಪಾಲು.

ದಯವಿಟ್ಟು ಮಕ್ಕಳ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಅರಬ್ಬೀ ಸಮುದ್ರಕ್ಕೆ ಎರಡು ನಕ್ಷೆ ಕೊಡಿ, ಒಂದು ಜುಲೈನದು, ಇನ್ನೊಂದು ಜನವರಿಯದು. ಬೇಸಿನ್ನಿನ ಚಿತ್ರ ಬೇಡ.

ಇಂತಿ,
ಒಬ್ಬ ಕಾಫಿ ಬೆಳೆಗಾರ್ತಿ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ