ಗಿಣ್ಣಿನಿಂದಲೇ ಶುರುವಾಗಲಿ ಇಮ್ಯುನಾಲಜಿ ಪಾಠ

ಮಾನ್ಯ ಸಂಪಾದಕರೇ,

ಎಂಬಿಬಿಎಸ್ ಎರಡನೇ ವರ್ಷದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಜೊತೆಗೆ ಬರುವ ಇಮ್ಯುನಾಲಜಿಯನ್ನು, ಅಂದರೆ ರೋಗನಿರೋಧಕ ಶಾಸ್ತ್ರವನ್ನು, ಹಲವು ವರ್ಷ ಕಲಿಸಿ ನಿವೃತ್ತನಾಗಿ ಈಗ ಹಾಸನದಲ್ಲಿ ನೆಲೆಸಿದ್ದೇನೆ. ಈ ವಿಷಯವನ್ನು ವಿದ್ಯಾರ್ಥಿಗಳು ಪರೀಕ್ಷೆ ಮುಗಿಯುವವರೆಗೆ ಬಾಯಿಪಾಠವಾಗಿ ಹೊತ್ತು, ವಾರ್ಡಿಗೆ ಕಾಲಿಡುವ ಮೊದಲೇ ಇಳಿಸಿಬಿಡುತ್ತಾರೆ ಎಂಬುದು ನನ್ನ ಹಳೆಯ ಕೊರಗು. ಕಳೆದ ಮಳೆಗಾಲದಲ್ಲಿ ನಡೆದ ಒಂದು ಪ್ರಸಂಗದಿಂದಾಗಿ ಅದನ್ನು ನಿಮ್ಮ ಓದುಗರ ಮುಂದಿಡುತ್ತಿದ್ದೇನೆ.

ಆಲೂರು ಕಡೆಯ ಪರಿಚಿತ ಕುಟುಂಬವೊಂದರ ಹುಡುಗನಿಗೆ ಬೀದಿನಾಯಿ ಮುಂಗೈಗೆ ಕಚ್ಚಿತ್ತು. ಎರಡು ಹಲ್ಲು ಆಳಕ್ಕಿಳಿದು ರಕ್ತ ಬಂದಿತ್ತು. ಮನೆಯವರು ಮೊದಲು ಅರಿಸಿನ ಮೆತ್ತಿದ್ದರು. ಹದಿನೈದು ನಿಮಿಷ ಸೋಪು ಹಚ್ಚಿ ನಲ್ಲಿಯ ಕೆಳಗೆ ತೊಳೆಯಬೇಕಿತ್ತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ರೇಬೀಸ್ ಲಸಿಕೆಯ ಮೊದಲ ಡೋಸ್ ಕೊಟ್ಟು, ಮುಂದಿನ ತಾರೀಖುಗಳನ್ನು ಚೀಟಿಯಲ್ಲಿ ಬರೆದು ಕಳುಹಿಸಿದ್ದರು. ಮೂರನೇ ದಿನ ಅವರು ನಮ್ಮ ಮನೆಗೆ ಬಂದಾಗ ಆ ಚೀಟಿಯನ್ನು ನೋಡಿದೆ. ಅದರಲ್ಲಿ ಇಮ್ಯುನೋಗ್ಲಾಬ್ಯುಲಿನ್ (ರೋಗಾಣುವನ್ನು ತಡೆಯುವ ಸಿದ್ಧ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು, ಇರುವ ಸೀರಂ) ಎಂಬ ಪದವೇ ಇರಲಿಲ್ಲ. ಅಂದೇ ಇನ್ನೊಂದು ಕಡೆ ಕರೆದೊಯ್ದೆವು. ಹುಡುಗನ ತೂಕ 22 ಕಿಲೋ. ಕುದುರೆಯಿಂದ ತೆಗೆದ ಸೀರಂ ಕಿಲೋಗೆ 40 ಯೂನಿಟ್‌ನಂತೆ 880 ಯೂನಿಟ್ ಮೀರಬಾರದು. ಆ ಲೆಕ್ಕದೊಳಗೆ, ಹಲ್ಲು ಇಳಿದ ಎರಡು ತೂತುಗಳ ಒಳಗೂ ಸುತ್ತಲೂ ಹಿಡಿಸುವಷ್ಟನ್ನು ಚುಚ್ಚಿದರು. ಹುಡುಗ ಈಗ ಚೆನ್ನಾಗಿದ್ದಾನೆ. ಮೊದಲು ನೋಡಿದ ಯುವ ವೈದ್ಯರ ಜೊತೆ ಫೋನಿನಲ್ಲಿ ಮಾತನಾಡಿದೆ. ಸೌಮ್ಯ ಮನುಷ್ಯ, ಐದು ಬಗೆಯ ಪ್ರತಿಕಾಯಗಳ ಹೆಸರು, ರಚನೆ ಎಲ್ಲವೂ ನೆನಪಿತ್ತು. ಆದರೂ ಅವರು ಕೇಳಿದ್ದು, "ಲಸಿಕೆ ಕೊಟ್ಟ ಮೇಲೆ ಸೀರಂ ಯಾಕೆ ಸರ್?"

ಈ ಪ್ರಶ್ನೆಗೆ ಉತ್ತರ ತಿಳಿಯದವನಿಗೆ ಇಮ್ಯುನಾಲಜಿಯ ಬುಡವೇ ತಿಳಿದಿಲ್ಲ ಎನ್ನಬೇಕಾಗುತ್ತದೆ. ತಪ್ಪು ಅವರದಲ್ಲ, ಕಲಿಸಿದ ನಮ್ಮಂಥವರದು. ಲಸಿಕೆಯೆಂದರೆ ದೇಹಕ್ಕೆ ಕೊಡುವ ಬಿತ್ತನೆ ಬೀಜ. ತೋಳಿಗೆ ಚುಚ್ಚಿದ ಲಸಿಕೆಯ ಅಂಶವನ್ನು ಡೆಂಡ್ರೈಟಿಕ್ ಕಣಗಳೆಂಬ ಜೀವಕೋಶಗಳು ಕಂಕುಳಿನ ದುಗ್ಧಗ್ರಂಥಿಗೆ ಹೊತ್ತೊಯ್ಯಬೇಕು. ಅಲ್ಲಿ ಬಿಳಿ ರಕ್ತಕಣಗಳ ಒಂದು ಬಗೆಯಾದ ಅಸಂಖ್ಯ ಲಿಂಫೋಸೈಟ್‌ಗಳ ನಡುವೆ ಈ ವೈರಾಣುವಿಗೆ ಸರಿಹೊಂದುವ ಕೆಲವೇ ಕೆಲವು ಬಿ ಮತ್ತು ಟಿ ಕಣಗಳು ಅದನ್ನು ಗುರುತಿಸಬೇಕು. ಅವು ಮತ್ತೆ ಮತ್ತೆ ವಿಭಜನೆಗೊಂಡು ಸಾವಿರಾರಾಗಿ, ಅವುಗಳಲ್ಲಿ ಒಂದು ಪಾಲು ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕಣಗಳಾಗಿ ಮಾರ್ಪಟ್ಟ ಮೇಲಷ್ಟೇ ರಕ್ತದಲ್ಲಿ ಪ್ರತಿಕಾಯ ಕಾಣಿಸುತ್ತದೆ. ಇದಕ್ಕೆ ಏಳರಿಂದ ಹದಿನಾಲ್ಕು ದಿನ ಬೇಕು. ಅಷ್ಟರೊಳಗೆ ಗಾಯದಲ್ಲಿರುವ ವೈರಾಣು ನರವನ್ನು ಹೊಕ್ಕರೆ ಅದು ಪ್ರತಿಕಾಯದ ಕೈಗೆ ಸಿಗುವುದು ಕಷ್ಟ. ಮಿದುಳು ತಲುಪಿ ರೋಗಲಕ್ಷಣ ಕಾಣಿಸಿದರೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಹಾಗಾಗಿ ಸ್ವಂತ ಗದ್ದೆಯ ಪೈರು ಕೈಗೆ ಬರುವವರೆಗೆ ನೆರೆಮನೆಯಿಂದ ಕಡ ತಂದ ಅಕ್ಕಿಯಂತೆ ಸಿದ್ಧ ಪ್ರತಿಕಾಯವನ್ನು ಗಾಯದಲ್ಲೇ ತುಂಬುತ್ತೇವೆ. ಆದರೆ ಲಸಿಕೆಯ ಮೊದಲ ಡೋಸ್ ಆಗಿ ಏಳು ದಿನ ದಾಟಿದರೆ ಕೊಡುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಸ್ವಂತ ಪ್ರತಿಕಾಯ ಹುಟ್ಟತೊಡಗಿರುತ್ತದೆ, ಕಡ ತಂದದ್ದು ಅದಕ್ಕೆ ಅಡ್ಡಬರುತ್ತದೆ.

ಇದನ್ನು ಅರ್ಥ ಮಾಡಿಸಲು ನಮ್ಮ ಜಿಲ್ಲೆಯಲ್ಲಿ ಗಿಣ್ಣಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಮೌಖಿಕ ಪರೀಕ್ಷೆಯಲ್ಲಿ ನಾನೊಮ್ಮೆ "ಹುಟ್ಟಿದ ಕರುವಿಗೆ ಗಿಣ್ಣು ಕುಡಿಸದಿದ್ದರೆ ಏನಾಗುತ್ತದೆ?" ಎಂದು ಕೇಳಿದೆ. ಅದುವರೆಗೆ ಹೆದರಿ ತಡವರಿಸುತ್ತಿದ್ದ ಅರಕಲಗೂಡು ಕಡೆಯ ಹುಡುಗಿ ಥಟ್ಟನೆ, "ಉಳಿಯೋದು ಕಷ್ಟ ಸರ್, ಭೇದಿ ಹತ್ತುತ್ತೆ" ಎಂದಳು. ಯಾಕೆ ಎಂದರೆ ಗೊತ್ತಿಲ್ಲ. ಮನೆಯ ಕೊಟ್ಟಿಗೆಯಲ್ಲಿ ಕಂಡದ್ದಕ್ಕೂ ಪುಸ್ತಕದ ಐಜಿಜಿಗೂ (ರಕ್ತದಲ್ಲಿ ಹೆಚ್ಚಾಗಿರುವ ಬಗೆಯ ಪ್ರತಿಕಾಯ) ಸಂಬಂಧವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಸುವಿನ ಮಾಸು ಪ್ರತಿಕಾಯವನ್ನು ಹೊಟ್ಟೆಯೊಳಗಿನ ಕರುವಿಗೆ ದಾಟಿಸುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣಿನಲ್ಲಿರುವ ಐಜಿಜಿಯನ್ನು ಅದರ ಕರುಳು ಇಡಿಯಾಗಿ ಹೀರಿಕೊಳ್ಳುವುದು ಹೆಚ್ಚೆಂದರೆ ಮೊದಲ ಒಂದು ದಿನ, ಅದರಲ್ಲೂ ಮೊದಲ ಕೆಲವು ಗಂಟೆ. ಆಮೇಲೆ ಆ ಬಾಗಿಲು ಮುಚ್ಚುತ್ತದೆ, ಎಷ್ಟು ಗಿಣ್ಣು ಹುಯ್ದರೂ ರಕ್ತಕ್ಕೆ ಸೇರುವುದಿಲ್ಲ. ಮನುಷ್ಯರಲ್ಲಿ ಲೆಕ್ಕ ಬೇರೆ: ತಾಯಿಯ ಐಜಿಜಿ ಮಾಸಿನ ಮೂಲಕವೇ, ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ, ಮಗುವಿಗೆ ಬಂದಿರುತ್ತದೆ. ತಾಯಿಯ ಮೊದಲ ಹಾಲಿನಲ್ಲಿ ಇರುವುದು ಮುಖ್ಯವಾಗಿ ಐಜಿಎ ಎಂಬ ಇನ್ನೊಂದು ಬಗೆಯ ಪ್ರತಿಕಾಯ; ಅದು ರಕ್ತಕ್ಕೆ ಹೋಗದೆ ಕರುಳಿನಲ್ಲೇ ಉಳಿದು ಕಾವಲು ಕಾಯುತ್ತದೆ. ಇದನ್ನು ತಿಳಿದ ವೈದ್ಯೆಗೆ, ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಅಜ್ಜಿಯ ಎದುರು ಮಾತು ಹುಡುಕಬೇಕಾಗುವುದಿಲ್ಲ, "ಕರುವಿಗೆ ಗಿಣ್ಣು ಬಿಡ್ತೀರಲ್ಲಮ್ಮ?" ಎಂದು ಕೇಳಿದರೆ ಸಾಕು.

ತಾಯಿಯಿಂದ ಬಂದ ಐಜಿಜಿ ಕೂಡ ಕಡವೇ. ಸುಮಾರು ಮೂರು ವಾರಕ್ಕೊಮ್ಮೆ ಅರ್ಧವಾಗುತ್ತ ಅದು ಕರಗುತ್ತದೆ. ದಡಾರ ಲಸಿಕೆಗೆ ಒಂಬತ್ತು ತಿಂಗಳವರೆಗೆ ಕಾಯುವುದೇಕೆ ಎಂಬುದರ ಗುಟ್ಟು ಇಲ್ಲಿದೆ: ಅದಕ್ಕಿಂತ ಬೇಗ ಕೊಟ್ಟರೆ ತಾಯಿಯ ಪ್ರತಿಕಾಯವೇ ಲಸಿಕೆಯ ವೈರಾಣುವನ್ನು ನಿಷ್ಫಲಗೊಳಿಸಬಹುದು. ನಾಯಿ ಕಡಿತದ ಏಳು ದಿನದ ನಿಯಮವೂ ದಡಾರದ ಒಂಬತ್ತು ತಿಂಗಳೂ ಒಂದೇ ತರ್ಕದ ಎರಡು ಮುಖಗಳೆಂದು ಉತ್ತರ ಪತ್ರಿಕೆಯಲ್ಲಿ ಬರೆದ ವಿದ್ಯಾರ್ಥಿಯನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ, ಹಾಗೆ ಬರೆಯುವಂಥ ಪ್ರಶ್ನೆಯನ್ನು ನಾವೂ ಕೇಳಲಿಲ್ಲ.

ಹಾವು ಕಡಿತದಲ್ಲಂತೂ ಸ್ವಂತ ಬೆಳೆಗೆ ಕಾಲವೇ ಇಲ್ಲ, ಪೂರ್ತಿ ಕಡದ ಮೇಲೆಯೇ ಬದುಕಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಕುದುರೆ ತಯಾರಿಸಿದ ಪ್ರತಿಕಾಯವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಉಳಿದು ಮನೆಗೆ ಹೋದ ತೋಟದ ಕಾರ್ಮಿಕ ಒಂದೆರಡು ವಾರದಲ್ಲಿ ಜ್ವರ, ಗಂಟು ನೋವು, ಮೈಮೇಲೆ ದದ್ದು ಎಂದು ಮರಳಿ ಬಂದರೆ, ಕುದುರೆಯ ಪ್ರೋಟೀನಿನ ವಿರುದ್ಧ ಅವನ ದೇಹ ತನ್ನದೇ ಪ್ರತಿಕಾಯ ಮಾಡಿಕೊಂಡಿದೆಯೆಂದು ಹೊಳೆಯಬೇಕು. ಇಲ್ಲವಾದರೆ ವಿಷ ಇನ್ನೂ ಮೈಯಲ್ಲಿದೆಯೆಂದು ಮನೆಯವರು ನಾಟಿ ವೈದ್ಯರ ಬಳಿ ಓಡುತ್ತಾರೆ. ಈ ಸೀರಂ ಕಾಯಿಲೆಯನ್ನು ಪಿರ್ಕೆ ಮತ್ತು ಶಿಕ್ ಎಂಬ ವೈದ್ಯರು 1905ರಲ್ಲೇ ವಿವರಿಸಿದ್ದರು. ನಮ್ಮ ಪಠ್ಯದಲ್ಲಿ ಅದು ಮೂರನೇ ಬಗೆಯ ಅತಿಸಂವೇದನೆ ಎಂಬ ಒಂದು ಸಾಲಾಗಿ ಕುಳಿತಿದೆ.

ಇಲ್ಲಿ ಒಂದು ಮಾತು ಹೇಳದಿರಲಾರೆ. ವೈರಾಣುವಿಗೆ ಹೊಂದುವ ಕಣವನ್ನಷ್ಟೇ ಆರಿಸಿ ಬೆಳೆಸುವ ದೇಹದ ಈ ಕ್ರಮದ ಸಿದ್ಧಾಂತವನ್ನು ಆಸ್ಟ್ರೇಲಿಯಾದ ವಿಜ್ಞಾನಿ ಬರ್ನೆಟ್ ಪ್ರಕಟಿಸಿದ್ದು 1957ರಲ್ಲಿ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಮಂಗನ ಕಾಯಿಲೆ ಗೊತ್ತಾದದ್ದೂ ಅದೇ ವರ್ಷ. ಆ ಕಾಯಿಲೆಗೆ ಕೊಡುತ್ತಿದ್ದ ನಿಷ್ಕ್ರಿಯ ವೈರಾಣುವಿನ ಲಸಿಕೆಗೆ ಎರಡು ಡೋಸ್ ಸಾಲದೆ ಮತ್ತೆ ಮತ್ತೆ ಬೂಸ್ಟರ್ ಬೇಕಾಗುತ್ತಿತ್ತು. ಕೊಪ್ಪ, ನರಸಿಂಹರಾಜಪುರದ ಕಡೆ ಕೆಲಸಕ್ಕೆ ಹೋಗಲಿರುವ ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ನೆನಪಿನ ಕಣಗಳ (ಒಮ್ಮೆ ಕಂಡ ರೋಗಾಣುವನ್ನು ನೆನಪಿಟ್ಟು ಮುಂದೆ ಬೇಗ ಎದುರಿಸುವ ಬಿ ಮತ್ತು ಟಿ ಕಣಗಳ) ಪಾಠವನ್ನು ಬೇರೆಲ್ಲಿಂದಲೋ ಉದಾಹರಣೆ ತಂದು ಮಾಡಬೇಕಾಗಿಲ್ಲ.

2019ರಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಲ್ಲಿ ಇಂಥ ಪಾಠಕ್ಕೆ ಎಡೆಯಿದೆ. ಹಾಸನ ಮತ್ತು ಚಿಕ್ಕಮಗಳೂರಿನ ವೈದ್ಯಕೀಯ ಕಾಲೇಜುಗಳಲ್ಲಿ ಮೌಖಿಕ ಪರೀಕ್ಷೆಯ ಒಂದು ಪ್ರಶ್ನೆಯಾದರೂ ಕನ್ನಡದಲ್ಲಿರಲಿ, ಪರೀಕ್ಷಕರೇ ನಾಯಿ ಕಚ್ಚಿದ ಮಗುವಿನ ತಾಯಿಯಾಗಿ ಕುಳಿತು "ಎರಡೆರಡು ಸೂಜಿ ಯಾಕೆ?" ಎಂದು ಕೇಳಲಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಎರಡೂ ಕಾಲೇಜಿನ ಬೋಧಕರು ಮನಸ್ಸು ಮಾಡಿದರೆ, ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಕರೆದೊಯ್ದು, ಗಿಣ್ಣು ಕುಡಿಯುವ ಮೊದಲು ಮತ್ತು ಮರುದಿನ ತೆಗೆದ ಕರುವಿನ ಸೀರಂ ಅನ್ನು ರಿಫ್ರಾಕ್ಟೋಮೀಟರ್‌ನಲ್ಲಿ ಒಂದೊಂದು ತೊಟ್ಟು ಹಾಕಿ ಪ್ರೋಟೀನ್ ಎಷ್ಟು ಏರಿದೆಯೆಂದು ಅವರ ಕಣ್ಣಿಗೇ ತೋರಿಸಬಹುದು. ಅದಕ್ಕೆ ಒಂದು ಮಧ್ಯಾಹ್ನಕ್ಕಿಂತ ಹೆಚ್ಚು ಬೇಕಾಗದು.

— ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಬೋಧಕ, ಹಾಸನ