ನಾಣ್ಯವನ್ನು ಪದಕವೆಂದು ಮಾರಿದ ಬಗ್ಗೆ ಮತ್ತು ಲಾಟ್ 214ರ ಕಾಣೆಯಾದ ಹಾಳೆಯ ಬಗ್ಗೆ ದೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಆನ್‌ಲೈನ್ ಹರಾಜು ಸಂಸ್ಥೆ, ಬೆಂಗಳೂರು

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಸಂಸ್ಥೆಯ ಹರಾಜಿನಲ್ಲಿ ನಾನು ಲಾಟ್ 214 ಅನ್ನು, ಅಂದರೆ ಒಟ್ಟಿಗೆ ಹರಾಜಿಗಿಟ್ಟ ವಸ್ತುಗಳ ಒಂದು ಗುಂಪನ್ನು, 38,500 ರೂಪಾಯಿಗೆ ಕೊಂಡೆ. ಖರೀದಿದಾರರ ಶುಲ್ಕವೆಂದು ಶೇ. 18ರಂತೆ 6,930 ರೂಪಾಯಿ ಸೇರಿಸಿ ಒಟ್ಟು 45,430 ರೂಪಾಯಿ ಪಾವತಿಸಿದ್ದೇನೆ. ರಸೀದಿಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ‘ಇಸ್ರೇಲ್ ಸೇನೆಯ ಶೌರ್ಯ ಪದಕಗಳು, 1948ರಿಂದ 1973, ಅಪರೂಪ, ತಜ್ಞರಿಂದ ಪರಿಶೀಲಿತ’ ಎಂದು ನಿಮ್ಮ ಕ್ಯಾಟಲಾಗ್ ಹೇಳಿತ್ತು. ಪೆಟ್ಟಿಗೆಯಲ್ಲಿ ನಾಲ್ಕು ವಸ್ತುಗಳು ಬಂದವು. ನಾಲ್ಕರಲ್ಲಿ ಒಂದೂ ಇಸ್ರೇಲಿನ ಶೌರ್ಯ ಪದಕವಲ್ಲ. ಎರಡು ಸಲ ಫೋನ್ ಮಾಡಿದೆ, ಮೂರು ಇ-ಮೇಲ್ ಬರೆದೆ. ‘ವಿವರಣೆ ಮಾರಾಟಗಾರರದ್ದು, ಇದ್ದದ್ದು ಇದ್ದಂತೆ ಮಾರಲಾಗಿದೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ಆದ್ದರಿಂದ ಈ ಪತ್ರವನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಮೈಸೂರಿನವನು, ನಿವೃತ್ತ ಇತಿಹಾಸ ಶಿಕ್ಷಕ. ನನ್ನ ಮುತ್ತಜ್ಜ, ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿದ ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿ ಸವಾರನಾಗಿದ್ದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಈಗ ಇಸ್ರೇಲಿನಲ್ಲಿರುವ, ಆಗ ತುರ್ಕರ ವಶದಲ್ಲಿದ್ದ ಹೈಫಾ ಪಟ್ಟಣದತ್ತ ಕುದುರೆ ಓಡಿಸಿದಾಗ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರನ್ನು ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನ ಸವಾರನದು. ಮುತ್ತಜ್ಜನ ಬ್ರಿಟಿಷ್ ಪದಕ ನಮ್ಮ ಮನೆಯ ದೇವರ ಕೋಣೆಯ ಗೂಡಿನಲ್ಲಿತ್ತು. ಅದರ ಅಂಚಿನಲ್ಲಿ ಅವರ ಹೆಸರು, ದಳದ ಹೆಸರು ಒತ್ತಿದ ಅಕ್ಷರಗಳಲ್ಲಿವೆ. ಎಂಟು ವರ್ಷದ ಹುಡುಗನಾಗಿದ್ದಾಗ ಆ ಅಂಚನ್ನು ಬೆರಳಿನಿಂದ ಸವರುತ್ತ ಓದಲು ಕಲಿತೆ. ಆ ನೆಲದಲ್ಲಿ ಆಮೇಲೆ ಹೋರಾಡಿದವರ, ಕಾವಲು ನಿಂತವರ ಗುರುತುಗಳನ್ನು ಒಂದೊಂದಾಗಿ ಕೂಡಿಡುವ ಆಸೆ ಅಲ್ಲಿಂದ ಹುಟ್ಟಿತು. ಮೂವತ್ತು ವರ್ಷಗಳಿಂದ ಪಿಂಚಣಿ, ಸಂಬಳ ಉಳಿಸಿ ಮಾಡಿದ ಸಂಗ್ರಹ ನನ್ನದು. ಲಾಭಕ್ಕೆ ಮಾರುವವನು ನಾನಲ್ಲ.

ಮೊದಲನೆಯ ವಸ್ತು ‘ಆರು ದಿನಗಳ ಯುದ್ಧದ ಬೆಳ್ಳಿ ಶೌರ್ಯ ಪದಕ’ ಎಂದು ನೀವು ಬರೆದದ್ದು. ಅದು ಪದಕವೇ ಅಲ್ಲ, ನಾಣ್ಯ. 1967ರಲ್ಲಿ ನೆರೆಯ ಅರಬ್ ದೇಶಗಳನ್ನು ಆ ಯುದ್ಧದಲ್ಲಿ ಗೆದ್ದ ಇಸ್ರೇಲ್ ಹೊರಡಿಸಿದ 10 ಲಿರಾದ (ಲಿರಾ ಆಗಿನ ಇಸ್ರೇಲಿ ಹಣ) ವಿಜಯ ಸ್ಮರಣೆಯ ನಾಣ್ಯ ಅದು. ಒಂದು ಬದಿಯಲ್ಲಿ ಸೇನೆಯ ಲಾಂಛನವಾದ ಆಲಿವ್ ರೆಂಬೆ ಸುತ್ತಿದ ಖಡ್ಗ, ಇನ್ನೊಂದು ಬದಿಯಲ್ಲಿ ಯೆಹೂದಿಗಳಿಗೆ ಪವಿತ್ರವಾದ ಜೆರುಸಲೇಮಿನ ಪಶ್ಚಿಮ ಗೋಡೆ. ಲಾಂಛನವನ್ನು ಕಂಡ ಕೂಡಲೇ ನಿಮ್ಮ ತಜ್ಞರು ಸೇನೆಯ ಪದಕವೆಂದು ತೀರ್ಮಾನಿಸಿದ್ದಾರೆ. ಆದರೆ ಸೈನಿಕನಿಗೆ ಕೊಡುವ ಪದಕದ ಮೇಲೆ ಯಾವ ದೇಶವೂ ಬೆಲೆ ಮುದ್ರಿಸುವುದಿಲ್ಲ. ಇದರ ಮೇಲೆ 10 ಲಿರಾ ಎಂಬ ಬೆಲೆ ಸ್ಪಷ್ಟವಾಗಿದೆ. ಹೀಬ್ರೂ ವರ್ಷವೂ ಇದೆ. ಆ ಭಾಷೆಯಲ್ಲಿ ಅಕ್ಷರಗಳೇ ಅಂಕಿಗಳು: ತಾವ್ 400, ಶೀನ್ 300, ಕಾಫ್ 20, ಝಾಯಿನ್ 7. ಕೂಡಿಸಿದರೆ 727, ಅಂದರೆ ಯೆಹೂದಿ ಪಂಚಾಂಗದ 5727, ನಮ್ಮ ಲೆಕ್ಕಕ್ಕೆ 1967. ಇಷ್ಟನ್ನು ತಿಳಿಯಲು ಭೂತಗನ್ನಡಿ ಮತ್ತು ಅರ್ಧ ಗಂಟೆಯ ತಾಳ್ಮೆ ಸಾಕಾಗಿತ್ತು. ಮೂಲ ನಾಣ್ಯ 37 ಮಿಲಿಮೀಟರ್ ಅಗಲ, 26 ಗ್ರಾಂ ತೂಕ, ಸಾವಿರಕ್ಕೆ 935 ಪಾಲು ಬೆಳ್ಳಿ. ನಿಮ್ಮಿಂದ ಬಂದದ್ದನ್ನು ನಮ್ಮ ಬೀದಿಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಇಟ್ಟಾಗ ತೂಕ ಹೆಚ್ಚು ಬಂತು. ಅಂಚಿಗೆ ಯಾರೋ ಕೊಂಡಿ ಬೆಸೆದು, ರಿಬ್ಬನ್ ಪೋಣಿಸಿದ್ದಾರೆ. ಬೆಸುಗೆ ಹೊಸದು, ಬಿಸಿಗೆ ಸುತ್ತಲಿನ ಬೆಳ್ಳಿ ಬಣ್ಣಗೆಟ್ಟಿದೆ. ಹೀಗೆ ಅದು ಪದಕವೂ ಆಗಲಿಲ್ಲ, ಒಳ್ಳೆಯ ನಾಣ್ಯವಾಗಿಯೂ ಉಳಿಯಲಿಲ್ಲ.

ಎರಡನೆಯದನ್ನು ‘ಇಸ್ರೇಲ್ ಸ್ವಾತಂತ್ರ್ಯ ಯುದ್ಧದ ಪದಕ’ ಎಂದಿದ್ದೀರಿ. ಅದರ ಮೇಲೆ ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಮುಖವಿದೆ! ನೇರಳೆ ರಿಬ್ಬನ್, ನಡುವೆ ಹಸಿರು ಗೆರೆ, ಮೇಲೆ ‘ಪ್ಯಾಲೆಸ್ಟೈನ್ 1945–48’ ಎಂಬ ಅಡ್ಡಪಟ್ಟಿ. ಇದು ಬ್ರಿಟಿಷ್ ಜನರಲ್ ಸರ್ವಿಸ್ ಮೆಡಲ್. ಇಸ್ರೇಲ್ ಹುಟ್ಟುವ ಮೊದಲು ಪ್ಯಾಲೆಸ್ಟೈನನ್ನು ಆಳುತ್ತಿದ್ದದ್ದು ಬ್ರಿಟನ್. ಅಲ್ಲಿನ ಆಡಳಿತವನ್ನು ಬಿಟ್ಟು ಹೊರಡುವ ಮುಂಚಿನ ವರ್ಷಗಳಲ್ಲಿ ಆ ನಾಡಿನಲ್ಲಿ ಸೇವೆಯಲ್ಲಿದ್ದವರಿಗೆ ಬ್ರಿಟನ್ ಕೊಟ್ಟದ್ದು. ಅಂಚಿನಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ದಳ ಎಲ್ಲವೂ ಇವೆ. ಅವನು ಯಾರ ಪರವಾಗಿ ಅಲ್ಲಿ ನಿಂತಿದ್ದನೋ ಅದರ ಎದುರು ಪಕ್ಷದ ಸೈನಿಕನೆಂದು ನೀವು ಅವನನ್ನು ಮಾರಿದ್ದೀರಿ. ಹೆಸರಿರುವ ಪದಕಕ್ಕೆ ಇಂಥ ತಪ್ಪು ಆಗಬಾರದು. ನನ್ನ ಮುತ್ತಜ್ಜನ ಪದಕವನ್ನು ಯಾರಾದರೂ ತುರ್ಕಿ ಸೈನಿಕನದೆಂದು ಮಾರಿದ್ದರೆ ನಮ್ಮ ಮನೆಯವರಿಗೆ ಹೇಗಾಗುತ್ತಿತ್ತು ಎಂದು ಯೋಚಿಸಿ.

ಮೂರನೆಯದು ವಿಶ್ವಸಂಸ್ಥೆಯ ತುರ್ತು ಪಡೆಯ ಪದಕ. ಮರಳು ಬಣ್ಣದ ರಿಬ್ಬನ್ನಿನ ನಡುವೆ ತಿಳಿನೀಲಿ ಪಟ್ಟೆ, ಮುಂಭಾಗದಲ್ಲಿ ವಿಶ್ವಸಂಸ್ಥೆಯ ಲಾಂಛನದೊಂದಿಗೆ ಪಡೆಯ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳು. ಆ ಪಡೆ 1956ರಿಂದ 1967ರವರೆಗೆ ಗಾಜಾ ಮತ್ತು ಸಿನಾಯ್‌ನಲ್ಲಿ, ಗಡಿರೇಖೆಯ ಈಜಿಪ್ಟಿನ ಬದಿಯಲ್ಲಿ ಇತ್ತು. ತನ್ನ ನೆಲದಲ್ಲಿ ನಿಲ್ಲಲು ಇಸ್ರೇಲ್ ಅದಕ್ಕೆ ಒಪ್ಪಲೇ ಇಲ್ಲ. ಹಾಗಿರುವಾಗ ಇದು ‘ಇಸ್ರೇಲ್ ಶಾಂತಿಪಾಲನಾ ಪದಕ’ ಹೇಗಾಯಿತು? ಆ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. 1967ರ ಜೂನ್‌ನಲ್ಲಿ ಯುದ್ಧ ಆರಂಭವಾದಾಗ ಗಾಜಾದಲ್ಲಿದ್ದ ನಮ್ಮವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಭಾರತದ ಹರಾಜು ಸಂಸ್ಥೆಯೊಂದಕ್ಕೆ ಇದಾದರೂ ಗೊತ್ತಿರಬೇಕಿತ್ತು.

ಈಗ ನಾಲ್ಕನೆಯದು. ನನ್ನ ದೂರಿನಲ್ಲಿ ಹೆಚ್ಚು ತೂಕದ್ದು ಇದೇ.

‘ಮೂರು ಬಾರಿ ಶೌರ್ಯ ಪ್ರಶಸ್ತಿ ಪಡೆದ ಯೋಧನ ಎದೆಪಟ್ಟಿ’ ಎಂದು ಅರ್ಧ ಸಾಲು ಬರೆದು ಮುಗಿಸಿದ್ದೀರಿ. ಹಿಂದೆ ಪಿನ್ ಇರುವ ಸಣ್ಣ ಪಟ್ಟಿ, ಅದರ ಮೇಲೆ ಮೂರು ರಿಬ್ಬನ್ ತುಂಡುಗಳು: 1956ರ ಸಿನಾಯ್ ಕಾರ್ಯಾಚರಣೆಯದು, 1967ರ ಆರು ದಿನಗಳ ಯುದ್ಧದ್ದು, 1973ರ ಯೋಮ್ ಕಿಪ್ಪುರ್ ಯುದ್ಧದ್ದು. ಇವು ಶೌರ್ಯಕ್ಕೆ ಕೊಟ್ಟವಲ್ಲ. ಆಯಾ ಯುದ್ಧದ ಕಾಲದಲ್ಲಿ ಸೇವೆಯಲ್ಲಿದ್ದವರಿಗೆ ಕೊಡುವ ಗುರುತುಗಳು. ಹೀಬ್ರೂವಿನಲ್ಲಿ ಇವಕ್ಕೆ ‘ಓತ್’ ಎನ್ನುತ್ತಾರೆ, ಗುರುತು ಎಂದು ಅರ್ಥ. ಶೌರ್ಯಕ್ಕೆ ಕೊಡುವುದು ‘ಇತೂರ್’. ಸ್ಮರಣೆಗಾಗಿ ಅಚ್ಚು ಹಾಕಿ ಸಾರ್ವಜನಿಕರಿಗೆ ಮಾರುವುದು ‘ಮೆದಾಲಿಯಾ’. ಮೂರಕ್ಕೂ ಮೂರು ಬೇರೆ ಪದಗಳಿರುವ ದೇಶದ ವಸ್ತುಗಳನ್ನು ನೀವು ಒಂದೇ ‘ಶೌರ್ಯ ಪದಕ’ ಎಂಬ ಚೀಲಕ್ಕೆ ತುಂಬಿದ್ದೀರಿ.

ಆ ದೇಶದಲ್ಲಿ ಶೌರ್ಯಕ್ಕೆ ಇರುವ ಇತೂರ್‌ಗಳು ಮೂರೇ. 1970ರ ಕಾನೂನಿನಲ್ಲಿ ಅವು ನಿಗದಿಯಾದವು. ಅತ್ಯುನ್ನತವಾದದ್ದಕ್ಕೆ ಹಳದಿ ರಿಬ್ಬನ್, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ನೀಲಿ. ಅಪರಿಚಿತನೂ ಬಣ್ಣ ನೋಡಿ ಹೇಳಬಹುದು. ನಿಮ್ಮ ಪಟ್ಟಿಯ ಮೇಲೆ ಇರುವ ಯಾವುದೂ ಈ ಮೂರರಲ್ಲಿ ಒಂದಲ್ಲ.

ಆದರೂ ಈ ಪಟ್ಟಿಯನ್ನು ನಾನು ಕಡಿಮೆಯದೆಂದು ಹೇಳುತ್ತಿಲ್ಲ. 1956ರಲ್ಲಿ ಇಪ್ಪತ್ತರ ಹುಡುಗನಾಗಿದ್ದವನಿಗೆ 1973ರಲ್ಲಿ ಮೂವತ್ತೇಳು. ಅಲ್ಲಿ ಕಡ್ಡಾಯ ಸೇವೆ ಮುಗಿಸಿದ ಮೇಲೂ ಮೀಸಲು ಪಡೆಯವರನ್ನು ಯುದ್ಧಕ್ಕೆ ಕರೆಯುತ್ತಾರೆ. ಬಹುಶಃ ಅಂಗಡಿಯನ್ನೋ ಹೊಲವನ್ನೋ ಶಾಲೆಯನ್ನೋ ಬಿಟ್ಟು, ಹೆಂಡತಿ ಮಕ್ಕಳನ್ನು ಬಿಟ್ಟು ಮೂರು ಬಾರಿ ಹೋಗಿ ಬಂದ ಒಬ್ಬ ಮನುಷ್ಯನ ಹದಿನೇಳು ವರ್ಷ ಈ ಎರಡು ಬೆರಳಗಲದ ಬಟ್ಟೆಯಲ್ಲಿದೆ. ರಿಬ್ಬನ್ನುಗಳು ಒಂದೇ ಹದದಲ್ಲಿ ಮಾಸಿಲ್ಲ. ಮೊದಲಿನದು ಹೆಚ್ಚು ಮಾಸಿದೆ, ಕೊನೆಯದು ಕಡಿಮೆ. ಒಂದೇ ದಿನ ಅಂಗಡಿಯಲ್ಲಿ ಜೋಡಿಸಿದ್ದಾದರೆ ಹೀಗಿರುವುದು ಕಷ್ಟ. ನೇರಳಾತೀತ ಟಾರ್ಚ್ ಹಿಡಿದೂ ನೋಡಿದೆ. 1918ರ ರಿಬ್ಬನ್ ಆ ಬೆಳಕಿಗೆ ಹೊಳೆದರೆ ಅನುಮಾನಿಸಬೇಕು, ಏಕೆಂದರೆ ಆಗಿನ ನೂಲಿಗೆ ಈಗಿನ ಬಿಳುಪುಕಾರಕಗಳಿರಲಿಲ್ಲ. ಇಸ್ರೇಲಿನ ರಿಬ್ಬನ್ನುಗಳ ಕಾಲಕ್ಕೆ ಅವು ಬಳಕೆಗೆ ಬಂದಿದ್ದವು, ಹಾಗಾಗಿ ಇವುಗಳಿಗೆ ಆ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ಆದ್ದರಿಂದ ಮಾಸುವಿಕೆ, ಪಿನ್ನಿನ ತುಕ್ಕು, ಹಿಂಬದಿಯ ಹೊಲಿಗೆ ಎಲ್ಲವನ್ನೂ ಒಟ್ಟಿಗೆ ನೋಡಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಇದು ಅಸಲಿ. ನಿಮ್ಮ ಇಡೀ ಲಾಟ್‌ನಲ್ಲಿ ನಿಜವಾಗಿ ಇಸ್ರೇಲ್ ಸೇನೆಗೆ ಸೇರಿದ್ದು ಇದೊಂದೇ.

ಬ್ರಿಟಿಷ್ ಪದಕಗಳ ಅಂಚಿನಲ್ಲಿರುವಂತೆ ಹೆಸರು ಒತ್ತಲು ಇಂಥ ರಿಬ್ಬನ್ ಪಟ್ಟಿಯ ಮೇಲೆ ಜಾಗವಿಲ್ಲ. ಪಟ್ಟಿ ಯಾರದೆಂದು ತಿಳಿಯಬೇಕಾದರೆ ಜೊತೆಗಿರುವ ಕಾಗದವೊಂದೇ ಆಧಾರ. ನಿಮ್ಮ ಕ್ಯಾಟಲಾಗಿನ ಎರಡನೆಯ ಚಿತ್ರದಲ್ಲಿ ಆ ಕಾಗದ ಇದೆ. ಪಟ್ಟಿಯ ಕೆಳಗೆ ಮಡಚಿದ ಹಳದಿ ಹಾಳೆ. ನಾನು ಬೆಲೆ ಏರಿಸುತ್ತ ಹೋದದ್ದು ಆ ಹಾಳೆಗಾಗಿ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಏಳು ವರ್ಷ ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡಿ ಬಂದವಳು. ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದಾಗ ಮೇಲಿನ ಮುದ್ರಿತ ಸಾಲನ್ನು ಓದಿದಳು: ‘ತ್ಸ್ವಾ ಹಗನಾ ಲೆಯಿಸ್ರಾಯೆಲ್’, ಇಸ್ರೇಲ್ ರಕ್ಷಣಾ ಸೇನೆ. ಕೆಳಗೆ ‘ಓತ್’ ಎಂಬ ಪದ. ಅದರ ಕೆಳಗೆ ಕೈಬರಹದ ಸಾಲು, ಬಹುಶಃ ಹೆಸರು. ಆ ಸಾಲಿನ ಮೇಲೆಯೇ ರಿಬ್ಬನ್ ಪಟ್ಟಿಯನ್ನು ಇಟ್ಟು ನೀವು ಫೋಟೊ ತೆಗೆದಿದ್ದೀರಿ. ‘ಅಜ್ಜಂದಿರು ಇಂಥ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿರುತ್ತಾರೆ ಸರ್, ಮುಟ್ಟಲೂ ಬಿಡುವುದಿಲ್ಲ’ ಎಂದಳು ಅವಳು.

ಪಾರ್ಸೆಲ್ ಬಿಚ್ಚಿದಾಗ ಆ ಹಾಳೆ ಇರಲಿಲ್ಲ. ಫೋನಿನಲ್ಲಿ ಕೇಳಿದ್ದಕ್ಕೆ ನಿಮ್ಮ ಸಿಬ್ಬಂದಿ ಕೊಟ್ಟ ಉತ್ತರ ಇದು: ‘ಅದು ಫೋಟೊಗೆಂದು ಕೆಳಗೆ ಹಾಸಿದ್ದ ಹಳೆಯ ಪೇಪರ್, ಲಾಟ್‌ನ ಭಾಗವಲ್ಲ.’ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನಾಣ್ಯಕ್ಕೆ ಕೊಂಡಿ ಹಚ್ಚಿದ್ದು ಹಣದ ಮೋಸ, ಹಣ ಕೊಟ್ಟು ಸರಿಮಾಡಬಹುದು. ಒಬ್ಬ ಮನುಷ್ಯನ ಹೆಸರನ್ನು ಅವನ ಗುರುತಿನಿಂದ ಕಿತ್ತು ಕಸದ ಬುಟ್ಟಿಗೆ ಹಾಕಿದರೆ ಅದನ್ನು ಮತ್ತೆ ತರುವುದು ಹೇಗೆ?

ಇನ್ನೊಂದು ವಿಷಯ ನನ್ನ ಖರೀದಿಗೆ ಸೇರಿದ್ದಲ್ಲ, ಆದರೂ ಹೇಳಲೇಬೇಕು. ನಿಮ್ಮ ಮುಂದಿನ ಹರಾಜಿನಲ್ಲಿ ಹಳದಿ ರಿಬ್ಬನ್ನಿನ ‘ಅಸಲಿ’ ಪದಕವೊಂದು 15,000 ರೂಪಾಯಿ ಆರಂಭಿಕ ಬೆಲೆಗೆ ಇದೆ. ಅದು ‘ಇತೂರ್ ಹಗ್ವುರಾ’, ಆ ದೇಶದ ಪರಮೋಚ್ಚ ಶೌರ್ಯ ಪದಕ. 1949ರಲ್ಲಿ ‘ಇಸ್ರೇಲಿನ ವೀರ’ ಎಂಬ ಗೌರವ ಪಡೆದ ಹನ್ನೆರಡು ಮಂದಿಗೂ ಆಮೇಲೆ ಇದೇ ಪದಕ ಸಂದಿತು. ಅವರನ್ನು ಸೇರಿಸಿದರೂ ಈವರೆಗೆ ಪಡೆದವರು ಸುಮಾರು 40 ಮಂದಿ, ಅರ್ಧದಷ್ಟು ಜನಕ್ಕೆ ಮರಣೋತ್ತರವಾಗಿ. ಪಡೆದವರ ಹೆಸರುಗಳೆಲ್ಲ ಬಹಿರಂಗವಾಗಿವೆ. ನಾಜಿಗಳು ಯೆಹೂದಿಗಳ ಬಟ್ಟೆಯ ಮೇಲೆ ಬಲವಂತವಾಗಿ ಹೊಲಿಸಿದ ಹಳದಿ ನಕ್ಷತ್ರದ ನೆನಪಿಗಾಗಿ ಆ ರಿಬ್ಬನ್ನಿಗೆ ಹಳದಿ ಬಣ್ಣ. ಅವಮಾನದ ಬಣ್ಣವನ್ನು ಗೌರವದ ಬಣ್ಣವಾಗಿ ಎದೆಗೆ ಏರಿಸಿಕೊಂಡರು. ನಿಮ್ಮ ಚಿತ್ರದಲ್ಲಿರುವುದರ ಅಂಚುಗಳು ಮಸುಕು, ಅಚ್ಚು ಒರಟು, ಯಾರ ಪದಕವೆಂಬ ಸುಳಿವೂ ಇಲ್ಲ. ನನ್ನ ಕಣ್ಣಿಗೆ ಅದು ಪ್ರತಿಕೃತಿ. ಪ್ರತಿಕೃತಿಯೆಂದೇ ಬರೆದು ಮಾರಿದರೆ ನನ್ನ ಆಕ್ಷೇಪವಿಲ್ಲ. ಅಸಲಿ ಎಂಬ ಪದವನ್ನು ಇಂದೇ ತೆಗೆಯಿರಿ, ಇಲ್ಲವೇ ಅದು ಯಾರಿಗೆ ಸಂದದ್ದೆಂದು ತೋರಿಸಿ.

ವಿವರಣೆ ಮಾರಾಟಗಾರರದ್ದು ಎಂಬ ನಿಮ್ಮ ವಾದವನ್ನು ನಾನು ಒಪ್ಪುವುದಿಲ್ಲ. ‘ತಜ್ಞರಿಂದ ಪರಿಶೀಲಿತ’ ಎಂಬ ಮುದ್ರೆ ನಿಮ್ಮದು, 6,930 ರೂಪಾಯಿ ಶುಲ್ಕ ಪಡೆದವರೂ ನೀವೇ. 2020ರ ಇ-ಕಾಮರ್ಸ್ ನಿಯಮಗಳಂತೆ ದೂರು ತಲುಪಿದ 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸುವುದು, ಒಂದು ತಿಂಗಳೊಳಗೆ ಪರಿಹರಿಸುವುದು ಕುಂದುಕೊರತೆ ಅಧಿಕಾರಿಯ ಕರ್ತವ್ಯ. ನನ್ನ ಮೊದಲ ಇ-ಮೇಲ್‌ಗೆ ಸ್ವೀಕೃತಿಯೂ ಬಂದಿಲ್ಲ.

ನಾನು ಕೇಳುವುದು ಇಷ್ಟು. ನಾಣ್ಯ, ಬ್ರಿಟಿಷ್ ಪದಕ, ವಿಶ್ವಸಂಸ್ಥೆಯ ಪದಕ ಮೂರನ್ನೂ ನಿಮ್ಮ ವೆಚ್ಚದಲ್ಲಿ ಹಿಂದಕ್ಕೆ ಪಡೆದು, ಅವುಗಳ ಹಣವನ್ನೂ ಅದರ ಮೇಲಿನ ಶುಲ್ಕವನ್ನೂ ಮರಳಿಸಿ. ಮತ್ತೆ ಮಾರುವುದಾದರೆ ಅವು ಏನೋ ಅದನ್ನೇ ಬರೆಯಿರಿ, ಬ್ರಿಟಿಷ್ ಪದಕದ ಅಂಚಿನ ಹೆಸರನ್ನು ಕ್ಯಾಟಲಾಗಿನಲ್ಲಿ ಪೂರ್ತಿಯಾಗಿ ಮುದ್ರಿಸಿ. ಅವನ ವಂಶದವರು ಎಲ್ಲೋ ಹುಡುಕುತ್ತಿರಬಹುದು. ರಿಬ್ಬನ್ ಪಟ್ಟಿಯನ್ನು ಹಿಂತಿರುಗಿಸಲು ನನಗೆ ಮನಸ್ಸಿಲ್ಲ. ಅದಕ್ಕೆ ನ್ಯಾಯವಾದ ಬೆಲೆಯನ್ನು ನೀವೇ ಹೇಳಿ, ಕೊಡುತ್ತೇನೆ. ಆದರೆ ಆ ಹಾಳೆಯನ್ನು ಹುಡುಕಿಸಿ. ಫೋಟೊ ತೆಗೆದವರನ್ನು ಕೇಳಿ, ಮೇಜಿನ ಖಾನೆ ನೋಡಿ, ಲಾಟ್ ತಂದುಕೊಟ್ಟ ಮಾರಾಟಗಾರರಿಗೆ ಫೋನ್ ಮಾಡಿ. ಅದು ಹರಿದಿದ್ದರೂ, ಚಹಾ ಚೆಲ್ಲಿದ್ದರೂ ಚಿಂತೆಯಿಲ್ಲ. ಪಟ್ಟಿಯನ್ನು ಸರಿಸಿ ತೆಗೆದ ಇನ್ನೊಂದು ಫೋಟೊ ನಿಮ್ಮ ಕಂಪ್ಯೂಟರಿನಲ್ಲಿ ಇದ್ದರೆ ಅದಾದರೂ ಸಾಕು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಹಣದ ವಿಷಯಕ್ಕೆ ಅಷ್ಟು ದಿನ ತೆಗೆದುಕೊಳ್ಳಿ. ಹಾಳೆಯನ್ನು ಹುಡುಕುವ ಕೆಲಸಕ್ಕೆ ಮಾತ್ರ ತಡ ಮಾಡಬೇಡಿ, ನಿಮ್ಮ ಕಚೇರಿಯ ಹಳೆಯ ಕಾಗದ ಯಾವ ವಾರ ರದ್ದಿಗೆ ಹೋಗುತ್ತದೆಯೋ ನನಗೆ ಗೊತ್ತಿಲ್ಲ.

ಇಂತಿ,
ಲಾಟ್ 214ರ ಖರೀದಿದಾರ
ಮೈಸೂರು