ಮೇಡಂ, ನಿಮಗೆ ನಮ್ಮ ಮನೆಯವರೆಲ್ಲರ ನಮಸ್ಕಾರ

ಅಪ್ಪನ ಮನೆಯ ಪಾಲಿನ ಕೇಸು ಮುಗಿಯಿತು. ನಮ್ಮ ರಾಜಿ ಪತ್ರದಂತೆಯೇ ಸಿವಿಲ್ ಕೋರ್ಟು ಡಿಕ್ರಿ ಕೊಟ್ಟಿದೆ. ಇದಕ್ಕೆ ಕಾರಣ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರದಲ್ಲಿ ನಮ್ಮನ್ನು ಕೂರಿಸಿ ಮಾತಾಡಿಸಿದ ಮಧ್ಯಸ್ಥಗಾರರಾದ ಇದೇ ಮೇಡಂ. 2007ರಲ್ಲಿ ಹೈಕೋರ್ಟ್ ಶುರು ಮಾಡಿದ ಕೇಂದ್ರ ಅದು, ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಅಲ್ಲಿ ಆಡಿದ ಮಾತು ಹೊರಗೆ ಹೋಗುವಂತಿಲ್ಲ. ಅದಕ್ಕೇ ಅಣ್ಣನನ್ನೂ ಅಮ್ಮನನ್ನೂ ಕೇಳಿ, ಅವರು ಒಪ್ಪಿದಷ್ಟನ್ನೇ ಬರೆಯುತ್ತಿದ್ದೇನೆ.

ಅಪ್ಪ ಉಯಿಲು ಬರೆದಿರಲಿಲ್ಲ. ಅಂದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮ, ಅಣ್ಣ, ನಾನು ಮೂವರಿಗೂ ಸಮಪಾಲು. ನಾನು ಕೇಳಿದ್ದು ಅಷ್ಟೇ. ಆದರೆ ಮೇಲಿನ ಮಹಡಿಯನ್ನು ಅಣ್ಣ ಸಾಲ ಮಾಡಿ ಕಟ್ಟಿಸಿದ್ದ. ಅಲ್ಲಿಂದ ಮಾತು ನಿಂತಿತು, ಗೌರಿ ಹಬ್ಬದ ಬಾಗಿನವೂ ನಿಂತಿತು.

ಮೇಡಂ ಮೊದಲೇ ಹೇಳಿಬಿಟ್ಟರು: "ನಾನು ತೀರ್ಪು ಕೊಡೋಳಲ್ಲ. ರಾಜಿ ಆಗದಿದ್ರೆ ಆಗಲಿಲ್ಲ ಅಂತ ಮಾತ್ರ ಕೋರ್ಟಿಗೆ ಬರೀತೀನಿ. ಯಾರು ಏನಂದ್ರು ಅಂತ ಬರೆಯಲ್ಲ." ಆ ಮಾತಿನಿಂದಲೇ ಧೈರ್ಯ ಬಂತು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. "ಪಾಲು ಸಿಕ್ತು ಅಂದ್ಕೊಳ್ಳಿ, ಆಮೇಲೂ ಮನಸ್ಸಿಗೆ ಏನು ಚುಚ್ಚುತ್ತೆ?" ಅಂತ ನನ್ನನ್ನು ಕೇಳಿದರು. ಮಹಡಿ ಕಟ್ಟುವಾಗ ನನಗೆ ಒಂದು ಮಾತೂ ಹೇಳಲಿಲ್ಲ ಅಂದೆ. ನಾನು ಹೂಂ ಅಂದ ಮೇಲೆಯೇ ಅದನ್ನು ಅಣ್ಣನಿಗೆ ತಿಳಿಸಿದರು. ಮುಂದಿನ ಸಲ ಅವನು ಸಾಲದ ಕಾಗದವನ್ನೆಲ್ಲ ತಂದು ನನ್ನ ಮುಂದೆಯೇ ಬಿಚ್ಚಿಟ್ಟ. ಲೆಕ್ಕ ಕೂಡಿಸಿದ್ದು ನಾವಿಬ್ಬರೇ, ಒಂದೇ ಹಾಳೆಯ ಮೇಲೆ. ಮೇಡಂ ಸುಮ್ನೆ ಕೂತಿದ್ದರು.

ಕೊನೆಗೆ ಮನೆ ಅಣ್ಣನಿಗೆ, ಮಹಡಿಯ ಖರ್ಚು ಕಳೆದು ನನ್ನ ಪಾಲಿನ ದುಡ್ಡು ಕಂತಿನಲ್ಲಿ ನನಗೆ ಅಂತಾಯಿತು. ಸಹಿ ಹಾಕುವ ಮುಂಚೆ ಮೇಡಂ ಅಮ್ಮನ ಕಡೆ ತಿರುಗಿ, "ಅಮ್ಮಾ, ನಿಮಗೆ ಎಲ್ಲಿರೋಕೆ ಇಷ್ಟ?" ಅಂದರು. ತುಳಸಿಕಟ್ಟೆ ಪಕ್ಕದ ಕೋಣೆಯಲ್ಲಿ ಅಂದಳು ಅಮ್ಮ. ಆ ಕೋಣೆ ಅವಳು ಇರುವವರೆಗೂ ಅವಳದೇ ಅಂತ ರಾಜಿ ಪತ್ರದಲ್ಲಿ ಬರೆಸಿದರು. ಬೇರೆ ಎಲ್ಲಕ್ಕಿಂತ ನಾನು ಜಾಸ್ತಿ ಋಣಿಯಾಗಿರುವುದು ಅದೊಂದು ಸಾಲಿಗೆ.

ನಮ್ಮಿಂದ ಒಂದು ರೂಪಾಯಿ ಫೀಸೂ ತಗೊಳ್ಳಲಿಲ್ಲ. ರಾಜಿಗೆ ಅಡ್ಡ ಬಾರದ ಎರಡೂ ಕಡೆಯ ವಕೀಲರಿಗೂ ನನ್ನ ನಮಸ್ಕಾರ.

ಮೊದಲ ಕಂತು ಬಂದಿದೆ ಮೇಡಂ. ಹೇಳಿದ ದಿನಕ್ಕೇ ಕೊಟ್ಟ ಅಣ್ಣ.